ಒಂದೇ ಅಂಗಳದಲ್ಲಿ ಮೂರು ಸಲ

ನಮ್ಮ ಡ್ರಿಲ್ ಟೀಚರ್ ಸೀರೆಯನ್ನು ಕಣಕಾಲಿನಿಂದ ನಾಲ್ಕು ಬೆರಳು ಮೇಲಕ್ಕೇ ಉಡುತ್ತಿದ್ದರು. ಅದರ ಕೆಳಗೆ ಬಿಳಿ ಪಾಲಿಶ್ ಬಳಿದ ಕ್ಯಾನ್ವಾಸ್ ಶೂ. ಕೊರಳಲ್ಲಿ ತಾಳಿಸರ, ಅದಕ್ಕೇ ಸುತ್ತಿಕೊಂಡಂತೆ ಕಪ್ಪು ದಾರದ ವಿಷಲ್ಲು. ದಿನವೂ ಊದಿ ಊದಿ ಅವರ ಕೆಳತುಟಿಯ ನಡುವೆ ಒಂದು ಸಣ್ಣ ತಗ್ಗೇ ಬಿದ್ದುಹೋಗಿತ್ತು.

ಮೈಸೂರಿನ ಮಂಡಿ ಮೊಹಲ್ಲಾದ ಪಕ್ಕದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರಾರ್ಥನೆಯ ಸಾಲು ಅವರ ರಾಜ್ಯ. ಬೇರೆ ಶಾಲೆಗಳಲ್ಲಿ ಮಕ್ಕಳು ತರಗತಿ ಪ್ರಕಾರ ನಿಂತರೆ ನಮ್ಮಲ್ಲಿ ಇಡೀ ಶಾಲೆ ಎತ್ತರದ ಪ್ರಕಾರ ನಿಲ್ಲಬೇಕು. ಕುಳ್ಳಿಯರು ಮುಂದೆ, ಉದ್ದದವರು ಹಿಂದೆ. ಗೆಳತಿಯರ ಗುಂಪು, ಕೇರಿಯ ಗುಂಪು, ಮನೆಮಾತಿನ ಗುಂಪು ಎಲ್ಲವೂ ಒಂದೇ ವಿಷಲ್ಲಿಗೆ ಚೂರುಚೂರು. ಯಾರಾದರೂ ತಕರಾರು ತೆಗೆದರೆ, "ನೀನು ಯಾರ ಮಗಳು ಅಂತ ಕೇಳಿದ್ನಾ? ಎತ್ತರ ಎಷ್ಟು, ಅಷ್ಟು ಹೇಳು" ಎನ್ನುತ್ತಿದ್ದರು. ರಾಷ್ಟ್ರಗೀತೆ ಶುರುವಾದ ಮೇಲೆ ತಲೆಯ ಮೇಲೆ ಕಾಗೆ ಬಂದು ಕೂತರೂ ಅಲ್ಲಾಡುವಂತಿರಲಿಲ್ಲ. ತಂಬಾಕು ವ್ಯಾಪಾರಿಯ ಮಗಳು ಫರೀದಾ ಮತ್ತು ನಾನು ಸರಿಸಮ ಎತ್ತರ. ಹಾಗಾಗಿ ಅಷ್ಟೂ ವರ್ಷ ಅಕ್ಕಪಕ್ಕ ನಿಂತೆವು. ಇಲ್ಲದಿದ್ದರೆ ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದೆವೋ ಇಲ್ಲವೋ, ನನಗೆ ಅನುಮಾನ.

ಟೀಚರ್ ನಿವೃತ್ತರಾಗಿ ರಾಮಕೃಷ್ಣನಗರದಲ್ಲಿ ಮನೆ ಮಾಡಿದರು. ನಾನೂ ಮದುವೆಯಾಗಿ ಅದೇ ಬೀದಿಗೆ ಬಂದೆ. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಸಂಘದವರು ವಿಯೆಟ್ನಾಮಿಗೆ ಪ್ರವಾಸ ಹೊರಡಿಸಿದಾಗ ನನಗಿಂತ ಮೊದಲು ಹೆಸರು ಕೊಟ್ಟದ್ದು ಅವರೇ. ಫರೀದಾ ಮತ್ತು ಅವಳ ಗಂಡನನ್ನು ಸೇರಿಸಿದ್ದೂ ಅವರೇ. ಬಸ್ಸು ತುಂಬಬೇಕೆಂದು ಟೂರಿನವರು ನಮ್ಮ ಜೊತೆಗೆ ದೆಹಲಿಯ ಒಂದು ಗುಂಪನ್ನೂ ಚೆನ್ನೈನ ಒಂದು ಗುಂಪನ್ನೂ ಹಾಕಿದ್ದರು. ಟೀಚರಿಗೆ ಅದು ಇನ್ನೂ ಖುಷಿ.

ವಿಮಾನದಲ್ಲಿ ನನ್ನ ಕೈ ಅಮುಕಿ ಹೇಳಿದರು: "ಊರಲ್ಲಿ ಎಷ್ಟು ಕಿತ್ತಾಡಿದ್ರೂ ಪರದೇಶಕ್ಕೆ ಬಂದ್ರೆ ಎಲ್ಲಾ ಒಂದಾಗ್ಬುಡ್ತಾರೆ, ನೋಡ್ತಿರು. ಆಗಸ್ಟ್ ಹದಿನೈದು ಅಲ್ಲೇ ಬರತ್ತೆ. ಇಡೀ ಬಸ್ಸು ಒಂದು ಸಾಲಲ್ಲಿ ನಿಂತು ಹಾಡ್ಬೇಕು ಕಣೇ. ನನಗೆ ಅದೊಂದು ಆಸೆ."

ಎಪ್ಪತ್ತು ದಾಟಿದ ಮೇಲೂ ಇಂಥ ನಂಬಿಕೆ ಇಟ್ಟುಕೊಂಡಿದ್ದಕ್ಕೆ ನನಗೆ ಅವರ ಮೇಲೂ ಸಿಟ್ಟಿದೆ. ಮೊದಲ ದಿನವೇ ಕಾಣಲಿಲ್ಲವೇ? ನಮ್ಮವರು ಬಸ್ಸಿನ ಮುಂದಿನ ಸೀಟುಗಳಿಗೆಲ್ಲ ಕರ್ಚೀಫು ಹಾಕಿ ಹಿಡಿದುಕೊಂಡರು. ದೆಹಲಿಯವರು ಕರ್ಚೀಫುಗಳನ್ನು ಎತ್ತಿ ಪಕ್ಕಕ್ಕಿಟ್ಟು ಕೂತರು. ಚೆನ್ನೈನವರು ಗೈಡಿಗೆ ದೂರು ಕೊಟ್ಟರು. ಊಟದ ಹೊತ್ತಿಗೆ ಒಬ್ಬರ ಚಟ್ನಿಪುಡಿ ಇನ್ನೊಬ್ಬರ ಮೇಜಿಗೆ ದಾಟಲಿಲ್ಲ. ಟೀಚರ್ ಮಾತ್ರ, "ಹೊಸ ಜಾಗ, ಎರಡು ದಿನ ಬುಡು, ಸರಿಹೋಗ್ತಾರೆ" ಎನ್ನುತ್ತಿದ್ದರು.

ಹದಿನೈದರ ಬೆಳಿಗ್ಗೆ ಹೋಟೆಲಿನ ಅಂಗಳಕ್ಕೆ ಎಲ್ಲರೂ ಬಂದರು, ಆದರೆ ಮೂರು ಕಡೆ ನಿಂತರು. ಟೀಚರ್ ನಡುವೆ ಬಂದು ವಿಷಲ್ಲು ಊದಿ, ಎತ್ತರದ ಪ್ರಕಾರ ಸಾಲು ಮಾಡಿ ಎಂದರು. ಅದನ್ನು ತಮಗೆ ಬಂದಷ್ಟು ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದರು. ಚೆನ್ನೈನ ಹೆಂಗಸೊಬ್ಬರು, ಹಿಂದಿಯಲ್ಲಿ ಯಾಕೆ ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಜಗಳ ತೆಗೆದರು. ದೆಹಲಿಯ ಹಿರಿಯರೊಬ್ಬರು ಸಂಸಾರ ಬಿಟ್ಟು ಅಪರಿಚಿತರ ಪಕ್ಕ ನಿಲ್ಲುವುದಿಲ್ಲ ಎಂದರು. ನಮ್ಮ ಸಂಘದ ಅಧ್ಯಕ್ಷರಿಗೆ, ಕಾರ್ಯಕ್ರಮ ಮೈಸೂರಿನವರದು, ಆದ್ದರಿಂದ ಮೈಸೂರಿನವರೇ ಮುಂದೆ ನಿಲ್ಲಬೇಕು ಎಂಬ ಹಟ. ಟೀಚರ್ ಒಬ್ಬೊಬ್ಬರ ತೋಳು ಹಿಡಿದು ಮಕ್ಕಳನ್ನು ನಿಲ್ಲಿಸಿದ ಹಾಗೆ ನಿಲ್ಲಿಸುತ್ತ ಹೋದರು. ಅವರು ಬೆನ್ನು ತಿರುಗಿಸಿದ ಕೂಡಲೇ ನಿಂತವರು ತಮ್ಮ ತಮ್ಮ ಗುಂಪಿಗೆ ವಾಪಸ್ಸು.

ಅಷ್ಟರಲ್ಲಿ ಅಧ್ಯಕ್ಷರು ಫರೀದಾಳ ಗಂಡನ ಹೆಗಲ ಮೇಲೆ ಕೈ ಹಾಕಿ, "ಸಾಹೇಬ್ರೇ, ಹಾಡು ಮುಗಿದ ಮೇಲೆ ಜೈಕಾರ ಇರತ್ತೆ. ನೀವು ಸ್ವಲ್ಪ ಜೋರಾಗೇ ಹೇಳ್ಬೇಕು, ವಿಡಿಯೋದಲ್ಲಿ ಎಲ್ರಿಗೂ ಕೇಳಿಸ್ಲಿ" ಎಂದರು. ನಾಲ್ಕಾರು ಜನ ನಕ್ಕರು.

ಟೀಚರ್ ಅಲ್ಲೇ ನಿಂತರು. "ಅವರೊಬ್ರೇ ಯಾಕ್ರೀ ಜೋರಾಗಿ ಹೇಳ್ಬೇಕು?"

"ಅಯ್ಯೋ, ತಮಾಷೆಗೆ ಅಂದೆ ಟೀಚರ್."

"ಹಂಗಾದ್ರೆ ಮೊದ್ಲು ನೀವು ಹೇಳಿ ಸ್ವಾಮಿ. ಎಷ್ಟು ಜೋರಾಗಿ ಬರತ್ತೋ ಕೇಳಣ."

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಫರೀದಾ ಟೀಚರ ಕೈ ಹಿಡಿದು, "ಬಿಡಿ ಟೀಚರ್, ನಮಗಿದು ಹೊಸದಲ್ಲ. ಟೂರಿಗೆ ಬಂದು ಜಗಳ ಯಾಕೆ? ನೀವು ಹಾಡಿ, ನಾವು ತಿಂಡಿಗೆ ಹೋಗಿರ್ತೀವಿ" ಎಂದು ಗಂಡನನ್ನು ಕರೆದುಕೊಂಡು ಒಳಗೆ ಹೋದಳು. ನಾನು ಅವಳ ಹಿಂದೆಯೇ ಬಾಗಿಲವರೆಗೆ ಓಡಿದೆ. ಅವಳು ತಿರುಗಿ ನೋಡಲಿಲ್ಲ.

"ಅವರಿಬ್ರೂ ವಾಪಸ್ ಬಂದು ಸಾಲಲ್ಲಿ ನಿಂತ್ರೆ ಹಾಡು. ಇಲ್ದಿದ್ರೆ ಇಲ್ಲ" ಎಂದರು ಟೀಚರ್.

ಯಾರು ಕೇಳುತ್ತಾರೆ? ಬಸ್ಸು ಹೊರಡುವ ಹೊತ್ತಾಯಿತೆಂದು ದೆಹಲಿಯವರು ತಮ್ಮಷ್ಟಕ್ಕೆ ತಾವು ಶುರುಮಾಡಿಬಿಟ್ಟರು. ಟೀಚರ್ ಅಂಗಳದ ನಡುವೆ ನೆಟ್ಟಗೆ ನಿಂತರು. ರಾಷ್ಟ್ರಗೀತೆ ಕಿವಿಗೆ ಬಿದ್ದ ಮೇಲೆ ನಿಲ್ಲದೆ ಇರುವುದು ಅವರಿಂದಾಗದ ಮಾತು. ದೆಹಲಿಯವರದು ಮುಗಿಯಿತು. ನಾವೇನು ಕಮ್ಮಿ ಎಂದು ಮರದ ಕೆಳಗಿಂದ ಚೆನ್ನೈನವರು ಎತ್ತಿಕೊಂಡರು. ಟೀಚರ್ ಮತ್ತೆ ನಿಂತರು. ಅದೂ ಮುಗಿದ ಮೇಲೆ ನಮ್ಮ ಮೈಸೂರಿನವರು ಗೈಡಿನ ಕೈಗೆ ಫೋನು ಕೊಟ್ಟು, ಹೂಕುಂಡಗಳ ಮುಂದೆ ಚೆಂದವಾಗಿ ನಿಂತು ಮೂರನೆಯ ಸಲ ಹಾಡಿದರು. ಅವರ ಹಿಂದೆ ಟೀಚರ್ ಒಬ್ಬರೇ, ಎರಡು ಕೈ ಪಕ್ಕಕ್ಕೆ ಬಿಗಿದು. ಬಾಗಿಲಲ್ಲಿದ್ದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಹೋಟೆಲಿನ ಕೌಂಟರಿನ ಹುಡುಗಿ ನನ್ನನ್ನು ಮೆಲ್ಲಗೆ ಕೇಳಿದಳು, ನೀವೆಲ್ಲ ಮೂರು ದೇಶದವರಾ, ಮೂವರಿಗೂ ಒಂದೇ ಹಾಡು ಹೇಗಾಯಿತು ಎಂದು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಎಲ್ಲರನ್ನೂ ಬೈದೆ. ಟೀಚರ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, "ಪರದೇಶದಲ್ಲಿ ಎಲ್ಲಾ ಬೇರೆ ಥರ ಆಗತ್ತೆ ಅಂದ್ಕೊಂಡಿದ್ದೆ ಕಣೇ. ನಮ್ ಜನ ಉಪ್ಪಿನಕಾಯಿ ಜೊತೆ ಊರಿನ ಕಿತ್ತಾಟಾನೂ ಕಟ್ಕೊಂಡೇ ಬಂದವ್ರೆ" ಎಂದರು. ಆಮೇಲೆ ಆ ಬೆಳಗಿನ ಮಾತನ್ನು ಅವರೂ ಎತ್ತಲಿಲ್ಲ, ಫರೀದಾಳೂ ಎತ್ತಲಿಲ್ಲ.

ಮರುವರ್ಷ ಯುಗಾದಿಗೆ ಮುಂಚೆ ಟೀಚರ್ ತೀರಿಕೊಂಡರು. ಸಂಘದ ಕಟ್ಟಡದಲ್ಲಿ ಸಂತಾಪ ಸಭೆ. ಫರೀದಾಗೆ ಯಾರೂ ತಿಳಿಸಿರಲಿಲ್ಲ, ನಾನೇ ಆಟೋದಲ್ಲಿ ಹೋಗಿ ಕರೆತಂದೆ. ಅಧ್ಯಕ್ಷರು ಗದ್ಗದಿತರಾಗಿ ಮಾತಾಡಿದರು. ಅಪ್ಪಟ ದೇಶಭಕ್ತೆ, ಪರದೇಶದಲ್ಲೂ ನಮ್ಮನ್ನೆಲ್ಲ ಒಟ್ಟುಗೂಡಿಸಿ ರಾಷ್ಟ್ರಗೀತೆ ಹಾಡಿಸಿದವರು ಎಂದು ಹೇಳಿ, ದೊಡ್ಡ ಟಿವಿಯಲ್ಲಿ ಆ ದಿನದ ವಿಡಿಯೋ ಹಾಕಿಸಿದರು. ಕೇಳುತ್ತ ಕೇಳುತ್ತ ನನಗೆ ಮೈಯೆಲ್ಲ ಉರಿಯಿತು. ಪರದೆಯಲ್ಲಿ ಮುಂದೆ ನಮ್ಮವರೆಲ್ಲ ಬಾಯಿ ತುಂಬ ಹಾಡುತ್ತಿದ್ದಾರೆ. ಹಿಂದೆ ಟೀಚರ್ ನಿಂತಿದ್ದಾರೆ. ನೋಡಿದವರು ಅವರೇ ಹಾಡಿಸುತ್ತಿದ್ದಾರೆ ಎನ್ನಬೇಕು, ಹಾಗಿತ್ತು ಚಿತ್ರ.

ಫರೀದಾ ನನ್ನ ಮೊಣಕೈ ಹಿಡಿದಳು. "ನೋಡೇ, ಟೀಚರ್ ಹಾಡ್ತಿಲ್ಲ."

ನಾನು ನೋಡಿದೆ. ಮೊದಲಿನಿಂದ ಕೊನೆಯವರೆಗೂ ಅವರ ತುಟಿ ಒಂದು ಸಲವೂ ತೆರೆಯಲಿಲ್ಲ. ಫರೀದಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಎದ್ದು ನಿಂತು, "ಇನ್ನೊಂದು ಸಲ ಹಾಕಿ, ಟೀಚರ ಬಾಯಿ ನೋಡಿ. ಅವರು ಹಾಡಿಲ್ಲ" ಎಂದೆ. ಇಷ್ಟು ಜನರ ನಡುವೆ ಎದ್ದು ಮಾತಾಡುವ ಧೈರ್ಯ ನನಗೆ ಟೀಚರಿಂದಲ್ಲದೆ ಬೇರೆ ಯಾರಿಂದಲೂ ಬಂದದ್ದಲ್ಲ.

ಮತ್ತೆ ಹಾಕಿದರು. ಎಲ್ಲರೂ ನೋಡಿದರು. ಆಮೇಲೆ ಮುಂದಿನ ಸಾಲಿನಿಂದ ಯಾರೋ ನಿಟ್ಟುಸಿರು ಬಿಟ್ಟು, "ಪಾಪ, ವಯಸ್ಸಾಗಿತ್ತಲ್ಲ, ಸುಸ್ತಾಗಿರ್ಬೇಕು" ಎಂದರು. ಅಧ್ಯಕ್ಷರು ಹೌದೆಂದು ತಲೆ ಆಡಿಸಿದರು.

"ಸುಸ್ತಲ್ಲ ಕಣ್ರೀ," ಎಂದೆ, "ಸಿಟ್ಟು."