ನೆಲಗುಬ್ಬಿಯ ಕೊನೆಯ ಬೀಳು

ಮದುವೆಯಾಗಿ ಹತ್ತಿರದ ಪೇಟೆಗೆ ಬಂದಾಗಿನಿಂದ ಪ್ರತಿ ಬೇಸಿಗೆಯಲ್ಲೂ ಹೆಮ್ಮರಗಾಲದ ಒಣ ಬೀಳು ಹೊಲಗಳಲ್ಲಿ ನೆಲಗುಬ್ಬಿಗಳನ್ನು ಎಣಿಸಿ ಬರೆದಿಟ್ಟಿದ್ದೇನೆ. ಬರಿನೆಲದಲ್ಲೇ ಗೂಡು ಮಾಡುವ ಹಕ್ಕಿ ಅದು. ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಲೇ ಬಂತು. ಈ ಸಲ ಹೋದರೆ, ಉಳಿದಿದ್ದ ಕೊನೆಯ ಬೀಳಿನಲ್ಲೂ ಕಬ್ಬು ನಿಂತಿತ್ತು.

“ನಾಲೆ ನೀರು ಬಂತು ಕಣಮ್ಮೋ,” ಎಂದರು ಹೊಲದ ಯಜಮಾನರು. “ಬೆಳ್ಳಕ್ಕಿ ದಂಡಿಯಾಗವೆ, ಅವುನ್ನೇ ಬರ್ಕಳಿ.”

“ನನ್ನ ಹಕ್ಕಿಗೆ ಒಣನೆಲವೇ ಬೇಕು, ಯಜಮಾನರೇ.”

“ಅದುಕ್ಕೆ ನಾವೂ ಒಣಗ್ಕಂಡೇ ಇರ್ಬೇಕಿತ್ತಾ?”

ಸಂಜೆಯವರೆಗೆ ಬದುಗಳ ಮೇಲೆ ಅಲೆದೆ, ಒಂದೂ ಕಾಣಲಿಲ್ಲ. ಮೊದಲ ಬಾರಿಗೆ ಸೊನ್ನೆ ಬರೆದೆ, ಅಂದವಾಗಿಯೇ ಬರೆದೆ. ಬಸ್ಸು ಹತ್ತುವಾಗ ಯಜಮಾನರು ಎರಡು ಜಲ್ಲೆ ಕಬ್ಬು ಕೊಟ್ಟರು. ಮನೆಯಲ್ಲಿ ನನ್ನ ಮೊಮ್ಮಕ್ಕಳು ತುಂಬ ಸಿಹಿ ಎಂದರು. ನಾನೂ ತಿಂದೆ. ಸಿಹಿಯಾಗಿಯೇ ಇತ್ತು.