ಭಂಡಾರಕ್ಕೆ ಗುಳಿಗೆಯ ವಾಸನೆ

ಶಿವಲೀಲಾ, ಮಲ್ಲು, ನಿಮ್ಮಜ್ಜಿ ಬರೆದದ್ದನ್ನು ಓದಿ. ಬೈಲಹೊಂಗಲದ ಲ್ಯಾಬಿನಲ್ಲಿ ಕೀವು, ರಕ್ತ ಪರೀಕ್ಷಿಸುತ್ತಿದ್ದ ಹೆಂಗಸನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು. ಅವರ ಬೆರಳ ತುದಿಗಳು ಸದಾ ನೇರಳೆ ಹಣ್ಣು ತಿಂದ ನಾಲಿಗೆಯಂತೆ ಇರುತ್ತಿದ್ದವು. ಕೀವಿನೊಳಗಿನ, ಬರಿಗಣ್ಣಿಗೆ ಕಾಣದ ರೋಗದ ಹುಳ ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ಗಾಜಿಗೆ ಹಾಕುವ ಬಣ್ಣವದು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವರ ಸಿಟ್ಟೂ ಹಾಗೆಯೇ.

ತೊಂಬತ್ತರ ದಶಕದ ಕೊನೆ. ಕಬ್ಬಿನ ಕೂಳೆ ಚುಚ್ಚಿ ನಿಮ್ಮ ಅಜ್ಜನ ಪಾದ ಕೊಳೆಯುತ್ತಿತ್ತು. ದೊಡವಾಡದಿಂದ ಬಸ್ಸಿನಲ್ಲಿ ಕರೆದೊಯ್ದು ಕೀವು ಕೊಟ್ಟುಬಂದೆವು. ಮತ್ತೆ ಹೋದಾಗ ಬಾಯಾರು ಆ ಕೀವಿನ ಹುಳ ಬೆಳೆಸಿದ ಒಂದು ತಟ್ಟೆ ತೋರಿಸಿದರು. ಅದರಲ್ಲಿ ಒಂದೊಂದಕ್ಕೂ ಬೇರೆ ಬೇರೆ ಔಷಧಿ ಹಚ್ಚಿದ ಕಾಗದದ ಬಿಲ್ಲೆಗಳು. ಪ್ರತಿ ಬಿಲ್ಲೆಯ ಸುತ್ತ ಹುಳ ಸತ್ತು ಬಯಲಾಗಬೇಕಿತ್ತಂತೆ. ಬಯಲಾಗಿದ್ದು ಒಂದೇ ಒಂದರ ಸುತ್ತ.

“ಇವು ಸಾಯೂದಿಲ್ಲ, ಅಷ್ಟ ಅಲ್ಲ, ಮಾಂಸ ಕರಗಿಸೂ ವಿಷಾನೂ ಬಿಡತಾವು. ಆ ವಿದ್ಯಾ ಹುಟ್ಟಾ ಬೀಜದಾಗ ಇರತೈತಿ. ಒಂಟಿ ಇದ್ದಾಗ ಸುಮ್ನಿರತಾವು, ಗುಂಪು ಕೂಡಿದ ಮ್ಯಾಲ ಹೊರಗ ತಗೀತಾವು. ನಮ್ಮ ಮಂದಿ ಹಂಗ!”

ಆ ಒಂದು ಔಷಧಿಯೂ ಹತ್ತದಿದ್ದರೆ ಪಾದ ಕತ್ತರಿಸಬೇಕೆಂದು ಡಾಕ್ಟರು ಹೇಳಿದ್ದರು.

ಬಾಯಾರು ಗಾಯದ ಪಟ್ಟಿ ಬಿಚ್ಚಿದರು. ಅಂಚಿನಲ್ಲೆಲ್ಲ ಹಳದಿ ಪುಡಿ.

“ಇದೇನವ್ವಾ, ಯಲ್ಲಮ್ಮನ ಭಂಡಾರೇನ?”

ದೇವಿಯ ಅರಿಶಿನವೇ ಹೌದೆಂದು ನಾಚಿಕೆಯಿಂದ ಸುಳ್ಳೇ ತಲೆಯಾಡಿಸಿಬಿಟ್ಟೆ. ಅವರು ಬಗ್ಗಿ ಮೂಸಿದರು.

“ಸವದತ್ತಿ ಗುಡ್ಡದಾಗ ಈಗ ಭಂಡಾರಾನೂ ಔಷಧಿ ಅಂಗಡ್ಯಾಗಿಂದ ತರಸ್ತಾರೇನ? ಗುಳಿಗಿ ವಾಸನಿ ಹೊಡ್ಯಾಕ ಹತ್ತೈತಿ!”

ನಿಜವೆಂದರೆ, ಡಾಕ್ಟರು ಮೊದಲು ಕೊಟ್ಟಿದ್ದ ಗುಳಿಗೆಗಳನ್ನು ಜ್ವರ ಇಳಿದ ಕೂಡಲೇ ನುಂಗಿಸುವುದನ್ನು ಬಿಟ್ಟು, ಉಳಿದ ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ಗಾಯಕ್ಕೆ ಉದುರಿಸುತ್ತಿದ್ದೆ. ಊರಲ್ಲಿ ಎಲ್ಲರೂ ಮಾಡುತ್ತಿದ್ದುದೇ. ಹೊಟ್ಟೆಗೆ ಹೋದ ಔಷಧಿ ಪಾದಕ್ಕೆ ಇಳಿಯುವವರೆಗೆ ಯಾಕೆ ಕಾಯಬೇಕು ಎಂಬ ಶಾಣ್ಯಾತನ. ಅದನ್ನೆಲ್ಲ ಅವರ ಮುಂದೆ ಬಾಯಿಬಿಟ್ಟೆ.

“ಅರ್ಧಾ ಕೊಟ್ಟು ಔಷಧಿ ತಡಕೊಳ್ಳಾಕ ಹುಳಕ್ಕ ಸಾಲಿ ಕಲಿಸೀದಿ! ಹೊಸಾದನ್ನೂ ಹಿಂಗ ಮಾಡಾಕಿ ಇದ್ದೇನು?”

ಇದ್ದೆ. ಬೆಂಚಿನ ಮೇಲೆ ನಾಲ್ಕು ಜನ ಅಪರಿಚಿತರು ಕೂತಿದ್ದರು. ನಿಮ್ಮ ಅಜ್ಜ ತಮ್ಮ ಪಾದವನ್ನೇ ನೋಡುತ್ತಿದ್ದರು.

“ಹೌದ್ರಿ,” ಎಂದೆ. “ಮಾಡಾಕಿ ಇದ್ನಿ.”

ಬಾಯಾರು ಹಣೆ ಬಡಿದುಕೊಂಡು ಡಾಕ್ಟರಿಗೆ ಚೀಟಿ ಬರೆದರು: ಇವರನ್ನು ದವಾಖಾನೆಯಲ್ಲೇ ಇರಿಸಿಕೊಳ್ಳಿ, ಹೆಂಡತಿಯ ಕೈಗೆ ಔಷಧಿ ಕೊಡಬೇಡಿ. ಎಷ್ಟು ಅವಮಾನವಾಯಿತೆಂದರೆ, ಅಜ್ಜನನ್ನು ದವಾಖಾನೆಗೆ ಸೇರಿಸಿ ಬಸ್ಸು ಹತ್ತುವವರೆಗೂ ಬಾಯಾರನ್ನು ಮನಸ್ಸಿನಲ್ಲೇ ಬೈದೆ.

ಕಾಲಿನ ಎರಡು ಬೆರಳು ಹೋದವು, ಪಾದ ಉಳಿಯಿತು. ಆ ಪಾದದಲ್ಲೇ ಅಜ್ಜ ಏಳೆಂಟು ವರ್ಷ ಹೊಲಕ್ಕೆ ನಡೆದರು. ಬಾಯಾರು ಅವರಿಗಿಂತ ಮೊದಲೇ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗಲೂ ಬೆರಳ ತುದಿ ನೇರಳೆಯಾಗಿಯೇ ಇತ್ತು. ಬದುಕಿದ್ದಾಗ ಒಂದು ಒಳ್ಳೆಯ ಮಾತು ಹೇಳಲಿಲ್ಲ, ಹಾಳು ನಾಚಿಕೆ.

ಮಲ್ಲು, ನಿನ್ನೆ ನಿನ್ನ ಶಾಲೆಯ ಪಾಟೀಚೀಲದಲ್ಲಿ ಅರ್ಧ ಉಳಿದ ಗುಳಿಗೆ ಸಿಕ್ಕವು. ಜ್ವರ ಇಳಿಯಿತಂತೆ! ಬಾಯಾರ ಹಾಗೆ ಬೈಯಲು ನನಗೆ ಬರುವುದಿಲ್ಲ, ಅದಕ್ಕೇ ಬರೆದೆ. ಈ ಹಾಳೆಗಳನ್ನು ಗುಳಿಗೆಯ ಡಬ್ಬಿಯೊಳಗೇ ಇಡಿ. ಗುಳಿಗೆ ತೆಗೆಯುವಾಗೆಲ್ಲ ಕೈಗೆ ತಾಕಬೇಕು.