ಬರೆದುಕೊಟ್ಟಷ್ಟೇ ಓದುವ ಗೌರವಾಧ್ಯಕ್ಷ

ವಡೋದರಾದ ನಮ್ಮ ಕನ್ನಡ ಸಂಘಕ್ಕೆ ನನ್ನನ್ನು ಗೌರವಾಧ್ಯಕ್ಷನನ್ನಾಗಿ ಆರಿಸಿದ ದಿನ ಎಲ್ಲರೂ ಕೈಕುಲುಕಿ ಅಭಿನಂದಿಸಿದರು. ಹೆಂಡತಿ ಮಾತ್ರ, "ಹಂಗಾರ ನಿಮ್ಮನ್ನ ತಗದ್ರು ಅನ್ರಿ," ಎಂದಳು. ಅವಳು ಧಾರವಾಡದವಳು, ನಾನು ತುಮಕೂರಿನವನು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಕನ್ನಡ ಅವಳಿಗೆ ಸಪ್ಪೆ, ಅವಳ ಕನ್ನಡ ನನಗೆ ಖಾರ. ಆ ದಿನ ನಾನು ಮುಖ ಗಂಟು ಹಾಕಿಕೊಂಡು, ಹಾಕಿಸಿಕೊಂಡ ಶಾಲನ್ನು ಬೇಕೆಂದೇ ರಾತ್ರಿ ಊಟದ ತನಕ ಹೊದ್ದುಕೊಂಡಿದ್ದೆ. ಅವಳು ಹೇಳಿದ್ದೇ ಸರಿಯೆಂದು ತಿಳಿಯಲು ಒಂದು ತಿಂಗಳು ಹಿಡಿಯಿತು.

ಅದಕ್ಕೆ ಮೊದಲು ನಾನೊಬ್ಬ ರಾಜಕಾರಣಿ. ನಗಬೇಡಿ. ಕೊಯಾಲಿಯ ರಿಫೈನರಿಗೆ ಕೆಲಸಕ್ಕೆ ಸೇರಿದ ಎರಡನೇ ವರ್ಷಕ್ಕೇ ಟೌನ್‌ಶಿಪ್ಪಿನ ನಿವಾಸಿಗಳ ಸಮಿತಿಗೆ ನಿಂತು ಗೆದ್ದವನು. ನೀರಿನ ಟ್ಯಾಂಕು, ಬೀದಿದೀಪ, ಮಕ್ಕಳ ಸ್ಕೂಲ್ ಬಸ್ಸು, ಎಲ್ಲಕ್ಕೂ ನಾನೇ ಎದ್ದು ಕೂಗಬೇಕು. ಸಭೆಯಲ್ಲಿ ಗುಜರಾತಿಯಲ್ಲೇ ಭಾಷಣ ಮಾಡುತ್ತಿದ್ದೆ. ನನ್ನ ಗುಜರಾತಿ ಕೇಳಲು ಅಕ್ಕಪಕ್ಕದ ಗುಜರಾತಿಗಳು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬರುತ್ತಿದ್ದರು. ಅದನ್ನು ನಾನು ಜನಪ್ರಿಯತೆ ಎಂದುಕೊಂಡೆ. ಅದೇ ಭಂಡಧೈರ್ಯದಲ್ಲಿ ನಿವೃತ್ತಿಯಾದ ಮೇಲೆ ನಗರಪಾಲಿಕೆಗೂ ಸ್ವತಂತ್ರ ಅಭ್ಯರ್ಥಿಯಾಗಿ ನಿಂತೆ. ಚಿಹ್ನೆ ಹೊಲಿಗೆ ಯಂತ್ರ. ಮತ ಎಣಿಕೆಯ ದಿನ ಬೆಳಿಗ್ಗೆ ಮನೆಯಿಂದ ಹೋದವನು ಹತ್ತೂವರೆಗೆಲ್ಲ ವಾಪಸು ಬಂದು, ಮಧ್ಯಾಹ್ನದ ಅಡುಗೆಗೆ ತರಕಾರಿ ಹೆಚ್ಚಿಕೊಟ್ಟೆ.

ಸಂಘದಲ್ಲಿ ಮಾತ್ರ ನನ್ನನ್ನು ಅಲುಗಾಡಿಸುವವರು ಇರಲಿಲ್ಲ. ಅಧ್ಯಕ್ಷರಾಗುತ್ತಿದ್ದವರು ಬ್ಯಾಂಕಿನವರು, ವಿಮೆಯವರು, ರೈಲ್ವೆಯವರು. ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೊರಟುಹೋಗುತ್ತಿದ್ದರು. ಕಾರ್ಯದರ್ಶಿಯ ಕುರ್ಚಿಯಲ್ಲಿ ನಾನು ಗಟ್ಟಿಯಾಗಿ ಕೂತಿದ್ದೆ. ಆ ಕಾಲದಲ್ಲಿ ನಾನು ಮಾಡಿದ ಒಂದೇ ಒಂದು ಉಪಯೋಗದ ಕೆಲಸವೆಂದರೆ ಭಾನುವಾರದ ಕನ್ನಡ ತರಗತಿ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಓದು ಬರಹ ಕಲಿಸಬೇಕೆಂದು ಸಂಘದ ಒಂದೇ ಒಂದು ಕೋಣೆಯನ್ನು ಜಗಳವಾಡಿ ಗಿಟ್ಟಿಸಿಕೊಟ್ಟೆ. ಜಗಳವಾಡಿದ್ದು ನಾನು, ಪಾಠ ಹೇಳಿದ್ದು ಹೆಂಡತಿ. ಇಪ್ಪತ್ತು ವರ್ಷಕ್ಕೂ ಮೀರಿ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಜ್ವರ ಬಂದರೂ ಹೋಗುತ್ತಿದ್ದಳು. ಅದರ ಫಲವಾಗಿ ಮಂಗಳೂರು, ಮೈಸೂರು, ಕೋಲಾರದ ಕಡೆಯವರ ಮಕ್ಕಳೆಲ್ಲ ವಡೋದರಾದಲ್ಲಿ "ಬರ್ರಿ, ಕೂಡ್ರಿ" ಎಂದು ಧಾರವಾಡದ ಧಾಟಿಯಲ್ಲಿ ಮಾತಾಡುತ್ತಾರೆ. ಅಪ್ಪ ಅಮ್ಮಂದಿರು ಗಾಬರಿಯಾಗಿ ನನಗೆ ದೂರು ಕೊಟ್ಟದ್ದೂ ಉಂಟು. ಆ ತರಗತಿಯನ್ನು ಮುಚ್ಚುತ್ತಿದ್ದೇವೆ ಎಂಬ ಸುದ್ದಿಯನ್ನು ಕಳೆದ ವರ್ಷ ವೇದಿಕೆಯ ಮೇಲಿಂದ ನನ್ನ ಬಾಯಲ್ಲೇ ಹೇಳಿಸಿದರು. ಹೇಗೆ ಎಂದು ಹೇಳುತ್ತೇನೆ.

ತಪ್ಪು ನನ್ನದೇ. ನಾನು ಕಾರ್ಯದರ್ಶಿಯಾಗಿದ್ದಾಗ ಒಬ್ಬ ಗೌರವಾಧ್ಯಕ್ಷರಿದ್ದರು, ರೈಲ್ವೆಯಿಂದ ನಿವೃತ್ತರಾದವರು. ಒಂದು ರಾಜ್ಯೋತ್ಸವದ ದಿನ ಅವರು ಮೈಕಿನ ಮುಂದೆ ನಿಂತು ಉಗಿಬಂಡಿಯಿಂದ ಶುರುಮಾಡಿದರು. ವಿದ್ಯುತ್ ಬಂಡಿಗೆ ಬರುವಷ್ಟರಲ್ಲಿ ಬಿಸಿಬೇಳೆಭಾತ್ ತಣ್ಣಗಾಗಿ ಸೌಟಿಗೆ ಬಗ್ಗದಂತಾಗಿತ್ತು. ಮುಂದಿನ ವಾರವೇ ನಾನು ಸಭೆ ಕರೆದು ಹೊಸ ನಿಯಮ ಮಾಡಿಸಿದೆ: ಗೌರವಾಧ್ಯಕ್ಷರು ಸಮಿತಿ ಬರೆದುಕೊಟ್ಟ ಭಾಷಣವನ್ನಷ್ಟೇ ಓದತಕ್ಕದ್ದು, ಒಂದಕ್ಷರ ಕೂಡಿಸತಕ್ಕದ್ದಲ್ಲ, ಬಿಡತಕ್ಕದ್ದಲ್ಲ. "ತಕ್ಕದ್ದು" ಎಂಬ ಮಾತನ್ನು ಗತ್ತು ಇರಲಿ ಎಂದು ನಾನೇ ಹಾಕಿಸಿದ್ದು. ಹಿರಿಯರು ಪಾಪ, ಮರುವರ್ಷ ನಾನು ಬರೆದ ಒಂದೂವರೆ ಪುಟವನ್ನು ತಲೆ ತಗ್ಗಿಸಿ ಓದಿ ಕೂತರು. ನಾನು ಹೆಮ್ಮೆಯಿಂದ ಬೀಗಿದೆ. ಆ ಕುರ್ಚಿಗೆ ಒಂದು ದಿನ ನಾನೇ ಬರುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಗೌರವಾಧ್ಯಕ್ಷನ ಕೆಲಸವೆಂದರೆ ನಡುವಿನ ಕುರ್ಚಿಯಲ್ಲಿ ಕೂರುವುದು. ಅಧ್ಯಕ್ಷರು ಎಲ್ಲಿಗೆ ಹೋಗಲಾರರೋ ಅಲ್ಲಿಗೆ ಅವರ ಬದಲು ನಾನು ಹೋಗುತ್ತೇನೆ. ಅಹಮದಾಬಾದಿನಲ್ಲಿ ಮಣಿನಗರದ ಕನ್ನಡಿಗರ ಯುಗಾದಿಗೆ ಹೋಗಿ, ಹಾರದ ಸಮೇತ ಸ್ಟೇಷನ್ನಿಗೆ ಬಂದು ನಿಂತಾಗ, ಯಾರೋ ಒಬ್ಬರು ನನ್ನನ್ನು ಮದುವೆಗೆ ಹೊರಟ ಮುದುಕನೆಂದು ತಿಳಿದು ಮಿಠಾಯಿ ಕೇಳಿದರು. ಸೂರತ್ತಿನ ಹಜೀರಾದ ಕಂಪನಿ ಕಾಲೊನಿಗೆ ದೀಪ ಬೆಳಗಿಸಲು ಕರೆದಿದ್ದರು. ಸುತ್ತ ಗ್ಯಾಸಿನ ಕಾರ್ಖಾನೆಗಳು. ಬತ್ತಿ ಹಚ್ಚಕೂಡದೆಂದು ಸುರಕ್ಷತಾ ಅಧಿಕಾರಿ ನನ್ನ ಕೈಗೆ ಒಂದು ಸ್ವಿಚ್ಚು ಕೊಟ್ಟರು. ನಾನು ಮಂತ್ರ ಹೇಳುತ್ತ ಸ್ವಿಚ್ಚು ಒತ್ತಿದೆ. ದೀಪದ ಕಂಬದ ತುದಿಯಲ್ಲಿ ಐದು ಬಲ್ಬುಗಳಲ್ಲಿ ನಾಲ್ಕು ಹತ್ತಿದವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಗಂಭೀರವಾಗಿ ಕೈ ಮುಗಿದೆ.

ಅಲ್ಲಿಂದ ಬರುವಾಗ ರೈಲಿನಲ್ಲಿ ಮೊಬೈಲು ತಿರುವುತ್ತ ಒಂದು ಬರಹ ಓದಿದೆ. ಕೆನಡಾದ ಪೂರ್ವ ಕರಾವಳಿಯಲ್ಲಿ ಅಕಾಡಿಯನ್ನರು ಎಂಬ ಜನ ಇದ್ದಾರಂತೆ. ಸುತ್ತ ಇಂಗ್ಲಿಷು, ನಡುವೆ ಇವರದು ಫ್ರೆಂಚು. ಅವರಲ್ಲೊಬ್ಬರು ವರ್ಷಗಟ್ಟಲೆ ಚುನಾವಣೆ, ಶಾಸನಸಭೆ ಎಂದು ತಮ್ಮ ಜನಕ್ಕಾಗಿ ಗುದ್ದಾಡಿ, ಕೊನೆಗೆ ಬ್ರಿಟಿಷ್ ರಾಜಮನೆತನದ ಪ್ರತಿನಿಧಿಯಾಗಿ ಆ ಪ್ರಾಂತ್ಯದ ರಾಜ್ಯಪಾಲರಾದರಂತೆ. ಆ ಮೇಲೆ ಅವರ ಕೆಲಸ ಸರ್ಕಾರ ಬರೆದುಕೊಟ್ಟ ಭಾಷಣ ಓದುವುದು, ರಿಬ್ಬನ್ ಕತ್ತರಿಸುವುದು. ನನಗೆ ರೋಮಾಂಚನವಾಯಿತು. ಮನೆಗೆ ಬಂದವನೇ ಹೆಂಡತಿಗೆ ಓದಿ ಹೇಳಿ, "ನೋಡು, ಥೇಟ್ ನನ್ನದೇ ಜೀವನ," ಎಂದೆ.

"ಅವರಿಗೆ ಬಂಗ್ಲೆ ಇರ್ತದ, ಕಾರ್ ಇರ್ತದ, ಬಾಗಲಾಗ ಪೊಲೀಸ್ರು ಇರ್ತಾರ," ಎಂದಳು ಅವಳು. "ನಿಮಗ ಹದಿನಾಲ್ಕು ಶಾಲು. ಇಡ್ಲಿಕ್ಕೆ ಕಪಾಟಿನಾಗ ಜಾಗ ಇಲ್ಲ." ನಾನು, ಅಷ್ಟೂ ಶಾಲು ಹೊದೆಯಲು ಆ ದೇಶದ ಚಳಿಯಾದರೂ ಇಲ್ಲಿಗೆ ಬರಬಾರದೇ ಎಂದು ಗೊಣಗಿ ಕೈಕಾಲು ತೊಳೆಯಲು ಹೋದೆ.

ಈಗಿನ ಕಾರ್ಯದರ್ಶಿ ಒಬ್ಬಳು ಹುಡುಗಿ. ವಡೋದರಾದಲ್ಲೇ ಹುಟ್ಟಿ ಬೆಳೆದವಳು, ಒಂದು ಔಷಧ ಕಂಪನಿಯಲ್ಲಿ ಕೆಲಸ. ಸ್ನೇಹಿತರೊಡನೆ ಗುಜರಾತಿ, ಫೋನಿನಲ್ಲಿ ಹಿಂದಿ, ಕಂಪನಿಯಲ್ಲಿ ಇಂಗ್ಲಿಷು, ನಮ್ಮೊಡನೆ ಮಾತ್ರ ಕನ್ನಡ. ರಾಜ್ಯೋತ್ಸವಕ್ಕೆ ಮೂರು ದಿನ ಇರುವಾಗ ಅವಳು ತಾನು ಬರೆದ ಭಾಷಣದ ಹಾಳೆಗಳನ್ನು ತಂದು ನನ್ನ ಕೈಗಿಟ್ಟು, "ಅಂಕಲ್, ಸ್ವಲ್ಪ ನೋಡ್ರಿ. ಟೆನ್ಶನ್ ತಗೋಬ್ಯಾಡ್ರಿ," ಎಂದು ಕಣ್ಣು ತಪ್ಪಿಸಿ ಸ್ಕೂಟರು ಹತ್ತಿ ಹೋದಳು. ಟೆನ್ಶನ್ ಏಕೆ ಎಂದು ನನಗೆ ಎರಡನೇ ಪುಟದಲ್ಲಿ ತಿಳಿಯಿತು. ಭಾನುವಾರದ ತರಗತಿಗೆ ಈಗ ನಾಲ್ಕೇ ಮಕ್ಕಳು ಬರುತ್ತಿದ್ದಾರೆ. ಹೊಸದಾಗಿ ಕೆಲಸಕ್ಕೆಂದು ಊರಿಗೆ ಬಂದಿರುವ ನೂರಾರು ಹುಡುಗ ಹುಡುಗಿಯರಿಗೆ ಸೇರಲು ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲ, ಆ ಕೋಣೆ ಬಿಟ್ಟರೆ ಬೇರೆ ಜಾಗವಿಲ್ಲ. ಆದ್ದರಿಂದ ತರಗತಿಯನ್ನು ನಿಲ್ಲಿಸಲು ಸಮಿತಿ ತೀರ್ಮಾನಿಸಿದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ಬದುಕಿನ ಅಷ್ಟು ಭಾನುವಾರಗಳನ್ನು ಮೂರು ಸಾಲಿನಲ್ಲಿ ಮುಗಿಸಿದ್ದಾರೆ, ಅದನ್ನು ಗಂಡನೇ ಓದಬೇಕು! ಹಳೆಯ ಹುಲಿ ಇನ್ನೂ ಸತ್ತಿಲ್ಲ ಎಂದು ಎದೆ ತಟ್ಟಿಕೊಂಡು ಮೇಜಿನ ಮುಂದೆ ಕೂತೆ. ನಾಲ್ಕು ಪುಟ ಬರೆದೆ. ನಿಯಮವನ್ನು ಗಾಳಿಗೆ ತೂರಿ, ಅವರ ಭಾಷಣವನ್ನು ಪಕ್ಕಕ್ಕಿಟ್ಟು, ಇದನ್ನೇ ಓದುವುದೆಂದು ನಿಶ್ಚಯಿಸಿದೆ. ಬರೆಯುತ್ತ ಬರೆಯುತ್ತ ಎರಡು ಕಡೆ ನನ್ನ ಕಣ್ಣೇ ಒದ್ದೆಯಾಯಿತು. ಆಮೇಲೆ ಓದಿ ನೋಡಿದರೆ ಮೂರು ಪುಟಗಳಲ್ಲಿ ನಾನು ಆ ಕೋಣೆಗಾಗಿ ಹೇಗೆ ಹೋರಾಡಿದೆ ಎಂಬುದೇ ಇತ್ತು. ಹೆಂಡತಿಯ ಹೆಸರು ನಾಲ್ಕನೇ ಪುಟದ ಕೊನೆಗೆ ಬಂದಿತ್ತು. ಅವಸರದಲ್ಲಿ ಅವಳನ್ನು ಎರಡನೇ ಪುಟಕ್ಕೆ ತಂದೆ.

ಸುದ್ದಿಯನ್ನು ಅವಳಿಗೆ ಹೇಗೆ ತಿಳಿಸುವುದೆಂದು ಇಡೀ ಸಂಜೆ ಒದ್ದಾಡಿದೆ. ನನ್ನ ಒದ್ದಾಟ ನೋಡಲಾರದೆ ಅವಳೇ ಬಂದು ಹಾಳೆಗಳನ್ನು ಎತ್ತಿಕೊಂಡಳು. ನನ್ನ ನಾಲ್ಕು ಪುಟಗಳನ್ನಲ್ಲ, ಹುಡುಗಿಯ ಭಾಷಣವನ್ನು. ಕನ್ನಡಕ ಹಾಕಿಕೊಂಡು, ಅಡುಗೆಮನೆಯ ದೀಪದ ಕೆಳಗೆ ನಿಂತು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು.

"ಎಷ್ಟ್ ಛಂದ ಬರದಾಳ್ರಿ," ಎಂದಳು.

"ಅಲ್ಲ ಕಣೇ, ನಿನ್ನ ತರಗತಿ ಮುಚ್ತಾ ಇದ್ದಾರೆ!"

"ಓದಾಕ ಬರ್ತದ ನನಗ."

"ನಿನಗೆ ಬೇಜಾರಾಗಲ್ವಾ?"

"ಆಗಲಾರದ ಏನು? ಹೋದ ವಾರ ಆಕಿ ಬಂದು ಹೇಳಿದಾಗ ಅಳು ಬಂತು. ಆಕೀನೂ ಅತ್ಲು. ಇಬ್ರೂ ಅತ್ತು ಚಾ ಕುಡದ್ವಿ."

ಹೋದ ವಾರ! ನಾನು ಪಕ್ಕದ ಕೋಣೆಯಲ್ಲೇ ಇದ್ದಿರಬೇಕು. "ಮತ್ತೆ ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಗೌರವಾಧ್ಯಕ್ಷರು. ನಿಮಗ ಭಾಷಣದಾಗ ಬರ್ತದಲ್ಲ," ಎಂದಳು. ಗೇಲಿ ಮಾಡುತ್ತಿದ್ದಾಳೋ ನಿಜವಾಗಿ ಹೇಳುತ್ತಿದ್ದಾಳೋ ತಿಳಿಯಲಿಲ್ಲ. ನಾನು ನನ್ನ ನಾಲ್ಕು ಪುಟಗಳನ್ನು ಎದುರಿಗೆ ಹಿಡಿದು, ಇದನ್ನೇ ಓದುತ್ತೇನೆ, ಆದದ್ದಾಗಲಿ ಎಂದೆ. ಅವಳು ಮುಟ್ಟಲಿಲ್ಲ. ಕುಕ್ಕರಿನ ಉರಿ ಸಣ್ಣಗೆ ಮಾಡಿ ನನ್ನ ಕಡೆ ತಿರುಗಿದಳು.

"ಆಕಿ ಆರು ವರ್ಷದಾಕಿ ಇದ್ದಾಗ ನನ್ನ ಕಡೆ ಬಂದ್ಲು. ಒಂದು ಅಕ್ಷರ ಬರ್ತಿರಲಿಲ್ಲ. ಗುಜರಾತಿ ಸಾಲಿ, ಗುಜರಾತಿ ಗೆಳತ್ಯಾರು. ಅಂಥಾಕಿ ಇವತ್ತ ಹಿಂಗ ಬರದಾಳ. ನೀವು ಎದ್ದು ನಿಂತು ಜಗಳಾ ತಗದ್ರ ಮಂದಿ ನಿಮ್ಮನ್ನ ಕೇಳ್ತಾರ, ಆಕಿ ಬರದದ್ದು ಯಾರೂ ಕೇಳೂದಿಲ್ಲ. ಇದ್ದಂಗ ಓದ್ರಿ. ನಾ ಕೇಳಬೇಕಾಗೇದ."

ಆದರೂ ನಾನು ನನ್ನ ನಾಲ್ಕು ಪುಟಗಳನ್ನು ಮಡಚಿ ಹೊಸ ಜುಬ್ಬದ ಜೇಬಿಗೆ ಹಾಕಿಟ್ಟೆ.

ರಾಜ್ಯೋತ್ಸವದ ದಿನ ಸಭಾಂಗಣ ತುಂಬಿತ್ತು. ಹಿಂದಿನ ಸಾಲುಗಳಲ್ಲಿ ಹೊಸ ಹುಡುಗ ಹುಡುಗಿಯರು, ಮುಂದೆ ಸಂಸಾರಸ್ಥರು. ಮೂರನೇ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಅವಳ ಆಚೀಚೆ ಆ ನಾಲ್ಕು ಮಕ್ಕಳು. ನನ್ನ ಸರದಿ ಬಂದಾಗ ಎದ್ದು ಮೈಕಿನ ಮುಂದೆ ನಿಂತೆ. ಮೊದಲ ಪುಟ ಓದಿದೆ. ನಾಡು, ನುಡಿ, ಸ್ವಾಗತ, ವಂದನೆ. ಪ್ರತಿ ವರ್ಷ ಇದನ್ನು ನಾನು ವರದಿಯ ಹಾಗೆ ಗಡಗಡನೆ ಓದಿ ಮುಗಿಸುತ್ತಿದ್ದೆ. ಆ ದಿನ ಮೊದಲ ಬಾರಿಗೆ ಕಿವಿಗೊಟ್ಟು ಓದಿದೆ. ಎಲ್ಲೂ ಬೊಗಳೆಯಿರಲಿಲ್ಲ. ನಾನು ಕಾರ್ಯದರ್ಶಿಯಾಗಿದ್ದಾಗ ಬರೆದ ಯಾವ ಭಾಷಣಕ್ಕಿಂತಲೂ ಚೆನ್ನಾಗಿತ್ತು. ಅದು ನನಗೆ ಸ್ವಲ್ಪ ಹೊಟ್ಟೆಕಿಚ್ಚನ್ನೂ ಉಂಟುಮಾಡಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡನೇ ಪುಟ ತಿರುಗಿಸಿದೆ. ಆ ಸಾಲುಗಳ ಹತ್ತಿರ ಬಂದಾಗ ಒಂದು ಕೈ ತಾನಾಗಿ ಜೇಬಿಗೆ ಹೋಯಿತು. ವೇದಿಕೆಯ ಪಕ್ಕದ ಪರದೆಯ ಹತ್ತಿರ ಕಾರ್ಯದರ್ಶಿ ಹುಡುಗಿ ನಿಂತಿದ್ದಳು. ನನ್ನ ಕೈ ಎಲ್ಲಿದೆ ಎಂಬುದನ್ನೇ ನೋಡುತ್ತಿದ್ದಳು, ಅವಳ ಮುಖ ಬಿಳಿಚಿತ್ತು. ಮೂರನೇ ಸಾಲಿನ ಕಡೆ ನೋಡಿದೆ. ಹೆಂಡತಿ ಬೆನ್ನು ನೆಟ್ಟಗೆ ಮಾಡಿಕೊಂಡು, ತರಗತಿಯಲ್ಲಿ ಮಕ್ಕಳು ಗಟ್ಟಿಯಾಗಿ ಓದುವಾಗ ಕೂರುವಂತೆ ಕೂತಿದ್ದಳು. ಒಂದು ಸಾಲು ತಪ್ಪಿದರೂ ಗೊತ್ತಾಗುವ ಮುಖ. ಜೇಬಿನಿಂದ ಬರಿಗೈ ತೆಗೆದು ಹಾಳೆ ಹಿಡಿದೆ.

"ಇನ್ನು ಮುಂದೆ ನಮ್ಮ ಭಾನುವಾರದ ಕನ್ನಡ ತರಗತಿ ನಡೆಯುವುದಿಲ್ಲ," ಎಂದು ಓದಿದೆ. "ಅದನ್ನು ಉಳಿಸಿಕೊಳ್ಳಲಾರದೆ ಹೋದವರು ನಾವು, ಕಲಿಸಿದವರಲ್ಲ. ಆ ಕೋಣೆಯಲ್ಲಿ ಕಲಿತವರು ಈ ಊರಿನಲ್ಲಿ ಎಷ್ಟು ಕಾಲ ಇರುತ್ತಾರೋ ಅಷ್ಟು ಕಾಲ ಆ ತರಗತಿ ಮುಗಿದಿಲ್ಲ." ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಬಿಡಲಿಲ್ಲ.

ಸಭೆಯಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಇಂಥ ಸುದ್ದಿಗೆ ಚಪ್ಪಾಳೆ ತಟ್ಟುವುದೋ ಬಿಡುವುದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮೌನದಲ್ಲಿ ಮೂರನೇ ಸಾಲಿನಿಂದ ಒಂದೇ ಒಂದು ಚಪ್ಪಾಳೆ ಕೇಳಿಸಿತು. ಹೆಂಡತಿ ಎದ್ದು ನಿಂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವಳು ಪರದೆಯ ಪಕ್ಕ ನಿಂತಿದ್ದ ತನ್ನ ವಿದ್ಯಾರ್ಥಿನಿಯ ಕಡೆ ನೋಡುತ್ತಿದ್ದಳು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಆ ಚಪ್ಪಾಳೆ ನನ್ನದಲ್ಲವೆಂದು ಚೆನ್ನಾಗಿ ಗೊತ್ತಿದ್ದೂ, ಮೈಕಿನ ಮುಂದೆ ನಿಂತಿದ್ದ ನಾನು ತಲೆ ಬಾಗಿಸಿ ವಂದಿಸಿದೆ.